ಬಾರ್ಬೊರಾಳ ಪಾಲಿನ ಮಾತೆ

ಉಝ್‌ಪೆಲ್ಕೆ ಊರಿನ ಬಾಯಿಗೆ ಮುಚ್ಚಳ ಇರಲಿಲ್ಲ. ಲಿಥುವೇನಿಯಾದ ಝೆಮೈತಿಯಾ ಸೀಮೆಯಲ್ಲಿ, ಜೌಗಿನ ದಂಡೆಯ ಊರು ಅದು. ದೇವರು ಕೆತ್ತುವ ಸ್ತೆಪೋನಾಸನ ಅಂಗಳ ಒಂದು ಬಿಟ್ಟು ಊರಿನ ಎಲ್ಲ ಅಂಗಳದಲ್ಲೂ ದೇವರಿದ್ದಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಸುಳ್ಳೇನೂ ಅಲ್ಲ. ಮನೆಮನೆಯ ಮುಂದೆ ಕಂಬ, ಕಂಬದ ಮೇಲೆ ಹಲಗೆಯ ಸೂರು, ಸೂರಿನ ಕೆಳಗೆ ಕೆನ್ನೆಗೆ ಕೈ ಕೊಟ್ಟು ಕೂತ ಯೇಸುವೋ, ಘಟಸರ್ಪನನ್ನು ತಿವಿಯುವ ಸಂತ ಯೂರ್ಗಿಸನೋ ಇದ್ದರು. ಅರ್ಧಕ್ಕರ್ಧ ಸ್ತೆಪೋನಾಸನ ಉಳಿಯಿಂದ ಬಂದವರು. ಅವರ ಮೈಮೇಲಿನ ಬಣ್ಣ ಅವನ ಹೆಂಡತಿ ಬಾರ್ಬೊರಾಳ ಕೈಯದು. ಅವರ ಸ್ವಂತ ಅಂಗಳದಲ್ಲಿ ಮಾತ್ರ ಒಂದು ಬಾವಿ, ಎರಡು ಸೇಬಿನ ಮರ, ಮಣ್ಣು ಕೆದಕುವ ಕೋಳಿ.

ಬಾರ್ಬೊರಾಳ ಅಪ್ಪ ಮದುವೆ ಪೆಟ್ಟಿಗೆಗಳಿಗೆ ಹೂವು ಬಳ್ಳಿ ಬರೆಯುತ್ತಿದ್ದವನು. ಅವಳು ನೆಟ್ಟಗೆ ನಿಲ್ಲುವುದು ಕಲಿತದ್ದೇ ಬಣ್ಣ ಅರೆಯುವ ಕಲ್ಲು ಹಿಡಿದುಕೊಂಡು. ಆಗೆಲ್ಲ ದೇವರು ಕೆತ್ತುವವರು ಉಳಿಚೀಲ ಹೆಗಲಿಗೆ ಹಾಕಿಕೊಂಡು ಊರೂರು ಸುತ್ತುತ್ತಿದ್ದರು. ಯಾರು ಮೂರ್ತಿ ಮಾಡಿಕೊಡು ಎಂದರೋ ಅವರ ಮನೆಯಲ್ಲೇ ಉಂಡು, ಅವರ ಒಲೆಯ ಪಕ್ಕದಲ್ಲೇ ಮಲಗಿ, ಮೂರ್ತಿ ಮುಗಿದ ಮೇಲೆ ಮುಂದಿನ ಊರು. ಹಾಗೆ ಅವರ ಮನೆಗೆ ಬಂದವನು ಸ್ತೆಪೋನಾಸ್. ಅವನು ಕೆತ್ತಿದ ಸಂತ ಇಸಿದೋರನನ್ನು ಬಾರ್ಬೊರಾ ಸುತ್ತ ತಿರುಗಿ ನೋಡಿದಳು.

"ಮೂಗು ಸೊಟ್ಟ ಆಗಿದೆ."

"ಸೊಟ್ಟ ಮೂಗಿನವರು ಸ್ವರ್ಗಕ್ಕೆ ಹೋಗಬಾರದಾ?"

ಅವಳು ತಲೆಯೆತ್ತಿ ನೋಡಿದರೆ ಅವನ ಮೂಗೂ ಎಡಕ್ಕೆ ವಾಲಿತ್ತು. "ಹೋಗಲಿ ಬಿಡು, ಬಣ್ಣದಲ್ಲಿ ನೆಟ್ಟಗೆ ಮಾಡ್ತೀನಿ," ಎಂದಳು. ಆ ಮಾತೇ ಮದುವೆಯ ಮಾತಾಯಿತು. ಅಂದಿನಿಂದ ಅವನು ಕೆತ್ತುವುದು, ಇವಳು ನೆಟ್ಟಗೆ ಮಾಡುವುದು. ಇದೇ ಸೀಮೆಯಲ್ಲಿ ಹುಟ್ಟಿ ಪ್ಯಾರಿಸ್ಸು, ಅಮೆರಿಕ ಸೇರಿ ಹೆಸರು ಮಾಡಿದ ಶಿಲ್ಪಿಗಳಿದ್ದಾರೆ, ಅವರ ಕಲ್ಲಿನ ಬುಡದಲ್ಲಿ ಅವರ ಹೆಸರು ಕೊರೆದಿರುತ್ತದೆ ಎಂದು ಪಾದ್ರಿ ಒಮ್ಮೆ ಹೇಳಿದಾಗ ಸ್ತೆಪೋನಾಸ್ ತುಂಬ ಹೊತ್ತು ಯೋಚನೆ ಮಾಡಿದ. "ದೇವರ ಕಾಲ ಬುಡದಲ್ಲಿ ನನ್ನ ಹೆಸರು ಬರೆದರೆ, ಮಳೆ ಬರದೇ ಇದ್ದಾಗ ಜನ ಬೈಯೋದು ಯಾರನ್ನ?" ಎಂದು ಕೊನೆಗೆ ಕೇಳಿದ.

ಅವರಿಗೆ ಹುಟ್ಟಿದ್ದು ಒಂದೇ ಮಗು, ಹೆಣ್ಣು. ಕೋಳಿಗಳನ್ನು ಕರೆಯುವಷ್ಟು ಮಾತು ಬಂದಿತ್ತು. ಒಂದು ಚಳಿಗಾಲ ಗಂಟಲು ಕಟ್ಟುವ ಬೇನೆ ಬಂತು, ಊರಿನ ಎಷ್ಟೋ ತೊಟ್ಟಿಲು ಬರಿದಾದವು, ಅವರದೂ ಆಯಿತು. ಮಣ್ಣು ಮಾಡಿ ಬಂದ ದಿನ ಸ್ತೆಪೋನಾಸ್ ಸೇಬಿನ ಮರದ ಕೆಳಗೆ ನಿಂತು, "ಇಲ್ಲಿ ನಿನಗೊಂದು ವ್ಯಾಕುಲ ಮಾತೆ ನಿಲ್ಲಿಸ್ತೀನಿ," ಎಂದ. ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತ ತಾಯಿ ಅವಳು. ಮಕ್ಕಳು ಹೋದ ಮನೆಯವರು ನಿಲ್ಲಿಸುವುದು ಅವಳನ್ನೇ. ಆಮೇಲೆ ಯುದ್ಧ ಬಂತು. ಸಿಪಾಯಿಗಳು ಸ್ಮಶಾನದ ಆ ಮೂಲೆಯಲ್ಲಿ ಕಂದಕ ತೋಡಿದರು, ಮುಗಿದ ಮೇಲೆ ಮಣ್ಣು ಎಳೆದು ಸಪಾಟು ಮಾಡಿದರು. ಪುಟ್ಟ ಶಿಲುಬೆ ಎಲ್ಲಿತ್ತು ಎಂದು ಹುಡುಕಲು ಹೋದರೆ ಎಲ್ಲ ಕಡೆಯೂ ಒಂದೇ ಹುಲ್ಲು. ಹಾಗಾಗಿ ಮಗಳಿಗೆಂದು ಭೂಮಿಯ ಮೇಲೆ ಉಳಿಯುವ ಗುರುತು ಆ ಮಾತೆ ಒಬ್ಬಳೇ. ಅವಳೂ ಇನ್ನೂ ಬಂದಿರಲಿಲ್ಲ.

ಸ್ತೆಪೋನಾಸ್ ಕೆತ್ತಲಿಲ್ಲ ಎಂದಲ್ಲ. ಎಷ್ಟೋ ಸಲ ಕೆತ್ತಿದ. ಒಂದನ್ನು ಅವಳಿ ಮಕ್ಕಳನ್ನು ಕಳೆದುಕೊಂಡ ಗಿರಣಿಯವನ ಹೆಂಡತಿ ಒಯ್ದಳು. ಇನ್ನೊಂದು, ಯುದ್ಧದಿಂದ ಮಗ ವಾಪಸು ಬಾರದ ಮುದುಕಿಗೆ ಹೋಯಿತು. ಮತ್ತೊಂದು ಇಗರ್ಜಿಯ ಹತ್ತಿರದ ಕವಲುದಾರಿಗೆ. "ನನ್ನ ಗಂಡನ ಕೈ ಧಾರಾಳ, ನನ್ನ ಪಾಲಿಗೆ ಏನೂ ಉಳಿಸಲ್ಲ," ಎಂದು ಬಾರ್ಬೊರಾ ಹೇಳಿಕೊಂಡು ತಿರುಗುತ್ತಿದ್ದಳು. ಆದರೆ ಅತ್ತುಕೊಂಡು ಬಂದವರ ಮುಂದೆ ಸ್ತೆಪೋನಾಸ್ ಸುಮ್ಮನೆ ಟೋಪಿ ತಿರುವುತ್ತ ನಿಂತಿರುತ್ತಿದ್ದ. "ತಗೊಂಡು ಹೋಗಮ್ಮ, ನಮಗೇನು, ಇನ್ನೊಂದು ಕೆತ್ತಿದರಾಯ್ತು," ಎನ್ನುತ್ತಿದ್ದ ಬಾಯಿ ಇವಳದೇ. ಗಾಡಿ ತಿರುವು ದಾಟಿದ ಮೇಲೆ ದನದ ಕೊಟ್ಟಿಗೆಗೆ ಹೋಗಿ ಹಸುವಿನ ಹೊಟ್ಟೆಗೆ ಹಣೆ ಒತ್ತಿ ಅಳುತ್ತಿದ್ದಳು. ಹಸುವಿಗೆ ಅದು ರೂಢಿಯಾಗಿಹೋಗಿತ್ತು.

ಹೀಗೇ ಇಬ್ಬರಿಗೂ ವಯಸ್ಸಾಯಿತು. ಸ್ತೆಪೋನಾಸನ ಕೈ ನಡುಗಲು ಶುರುವಾಯಿತು. ಮನೆಯಲ್ಲಿ ಒಣಗಿಸಿಟ್ಟಿದ್ದ ಲೀಪಾ ಮರದ ದಿಮ್ಮಿಯೂ ಒಂದೇ ಉಳಿದಿತ್ತು. ದೇವರಿಗೆ ಆ ಮರವೇ ಆಗಬೇಕು. ಮೆತ್ತಗೆ ಉಳಿಗೆ ಒಗ್ಗುತ್ತದೆ, ಬೇಸಿಗೆಯಲ್ಲಿ ಅದರ ಹೂವಿನ ತುಂಬ ಜೇನು ಇರುತ್ತದೆ.

"ಇದು ನಿನ್ನದು ಮುದುಕಿ," ಎಂದ ಅವನು. "ಇದಾದ ಮೇಲೆ ಉಳಿ ಮುಟ್ಟಲ್ಲ. ಈ ಸಲ ನಿನ್ನ ಬಾಯಿ ಭದ್ರ."

"ರೋಮಿನಿಂದ ಪೋಪ್ ಬಂದು ಮಂಡಿಯೂರಿ ಕೇಳಿದ್ರೂ ಕೊಡಲ್ಲ."

"ಪೋಪ್‌ಗಾದ್ರೆ ನೀನು ಕೊಡಲ್ಲ, ಅದು ನನಗೆ ಗೊತ್ತು. ಅಳೋ ಹೆಂಗಸು ಬಂದ್ರೆ?"

ಬಾರ್ಬೊರಾ ಹಾಲಿನ ಗಡಿಗೆ ಎತ್ತಿಕೊಂಡು ಕೊಟ್ಟಿಗೆಗೆ ನಡೆದಳು.

ಚಳಿಗಾಲವೆಲ್ಲ ಕೆತ್ತಿದ. ಎದೆಯೆತ್ತರದ ಮಾತೆ. ಮರ ಸೀಳು ಬಿಡಬಾರದೆಂದು ಎಂದಿನಂತೆ ಬೆನ್ನ ಕಡೆಯಿಂದ ಒಳಗೆಲ್ಲ ತೋಡಿ ಟೊಳ್ಳು ಮಾಡಿದ, ಇಲಿ ಸೇರದಿರಲಿ ಎಂದು ಟೊಳ್ಳಿಗೆ ಹಲಗೆ ಮುಚ್ಚಿದ. ನಡುಗುವ ಕೈಯಲ್ಲಿ ಹೊಡೆದ ಹಲಗೆ, ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು ಉಳಿಯಿತು. ಬೇಸಿಗೆ ಬಂದಾಗ ಬಿಸಿಲಿಗೆ ಆರಲೆಂದು ಇಬ್ಬರೂ ಸೇರಿ ಸೇಬಿನ ಮರದ ಕೆಳಗೆ ನಿಲ್ಲಿಸಿದರು. ಬಾರ್ಬೊರಾ ಮಾತೆಯ ಮೇಲುಹೊದಿಕೆಗೆ ಎಂದು ನೀಲಿ ಅರೆದು, ಅಗಸೆ ಎಣ್ಣೆಯಲ್ಲಿ ಕಲಸಿ, ಗಡಿಗೆಗೆ ತುಂಬಿ ಬಾಯಿ ಕಟ್ಟಿದಳು.

ಆ ವಾರವೇ ಇಗರ್ಜಿಯಿಂದ ಸುದ್ದಿ ಬಂತು. ಜೌಗಿನ ಆಚೆಯ ಉರ್ಶುಲೆ ಎಂಬ ಹುಡುಗಿ, ವಸಂತದಲ್ಲಿ ಚೊಚ್ಚಲ ಮಗುವನ್ನು ಮಣ್ಣು ಮಾಡಿದವಳು, ಸ್ತೆಪೋನಾಸನ ಮನೆಯಲ್ಲಿ ಮಾತೆ ಸಿದ್ಧವಾಗಿದ್ದಾಳೆ ಎಂದು ಕೇಳಿದ್ದಾಳಂತೆ. ಭಾನುವಾರ ಪೂಜೆ ಮುಗಿಸಿಕೊಂಡು ಗಂಡನ ಜೊತೆ ಗಾಡಿ ಕಟ್ಟಿಸಿಕೊಂಡು ಬರುತ್ತಾಳಂತೆ.

ಮಾರನೆಯ ಬೆಳಿಗ್ಗೆ ಬಾರ್ಬೊರಾ ಅಂಗಳಕ್ಕಿಳಿದಳು. ಕೋಳಿಗೆ ಕಾಳು ಹಾಕುತ್ತ, "ಇಲ್ಲಮ್ಮ, ಕೊಡಕ್ಕಾಗಲ್ಲ," ಎಂದು ಹೇಳಿ ನೋಡಿದಳು. ಕೋಳಿಗಳು ಕತ್ತು ಓರೆ ಮಾಡಿ ನೋಡಿದವು. "ಕೊಡಲ್ಲ ಅಂದ್ರೆ ಕೊಡಲ್ಲ," ಎಂದು ಜೋರಾಗಿ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಸ್ತೆಪೋನಾಸ್, "ಕೋಳಿಗೆ ಹೇಳೋದು ಸುಲಭ ಕಣೇ," ಎಂದ.

ಭಾನುವಾರ ಅವರು ಪೂಜೆ ಮುಗಿಸಿ ಮನೆಗೆ ಬಂದಾಗ ಬಿಸಿಲು ಬಲವಾಗಿತ್ತು. ಬಾರ್ಬೊರಾ ಹಬ್ಬದ ತಲೆವಸ್ತ್ರ ಬಿಚ್ಚುತ್ತಿದ್ದಳು. ಜೌಗಿನ ಕಡೆಯಿಂದ ಯಾರೋ ದೊಡ್ಡ ನೂಲಿನ ರಾಟೆ ತಿರುಗಿಸುತ್ತಿರುವ ಹಾಗೆ ಗುಂಯ್ಯೆಂದು ಸದ್ದು ಬಂತು. ಬೇಲಿಯ ಮೇಲೆ ಕಂದುಬಣ್ಣದ ಮೋಡವೊಂದು ಹಾರಿ ಬಂದು ಸೇಬಿನ ಮರವನ್ನು ಸುತ್ತಿತು, ಕೆಳಕ್ಕಿಳಿಯಿತು, ಮಾತೆಯ ಬೆನ್ನಿಗೆ ಗಡ್ಡದ ಹಾಗೆ ಜೋತುಬಿತ್ತು. ನೋಡುನೋಡುತ್ತಿದ್ದಂತೆ ಹಲಗೆಯ ಸಂದಿನಲ್ಲಿ ಒಂದೊಂದೇ ಜೇನು ಒಳಗೆ ಸೇರತೊಡಗಿತು.

ಅದರ ಹಿಂದೆಯೇ ಏದುಸಿರು ಬಿಡುತ್ತ, ಒಂದು ಕೈಯಲ್ಲಿ ಹುಲ್ಲುಬುಟ್ಟಿ, ಇನ್ನೊಂದರಲ್ಲಿ ಒದ್ದೆ ಪೊರಕೆ ಹಿಡಿದು ಜೇನು ಸಾಕುವ ನೆರೆಮನೆಯ ರಾಪೊಲಾಸ್ ಬಂದು ಬೇಲಿಯ ಬಾಗಿಲಲ್ಲಿ ಗಕ್ಕನೆ ನಿಂತ. ಅವನು ಆ ಬಾಗಿಲು ದಾಟಿ ಎಷ್ಟೋ ವರ್ಷವಾಗಿತ್ತು. ಸ್ತೆಪೋನಾಸ್ ಅವನಿಗೆ ಒಮ್ಮೆ ಕುದುರೆಯ ಮೇಲೆ ಕೂತ ಸಂತ ಯೂರ್ಗಿಸನನ್ನು ಕೆತ್ತಿಕೊಟ್ಟಿದ್ದ. ರಾಪೊಲಾಸ್ ಎಲ್ಲರೆದುರು, "ಸಂತ ಚೆನ್ನಾಗಿದಾನೆ, ಆದ್ರೆ ಹಂದಿ ಮೇಲೆ ಯಾಕೆ ಕೂತಿದಾನೆ?" ಎಂದುಬಿಟ್ಟಿದ್ದ. ಊರು ನಕ್ಕಿತು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಆದರೆ ಜೇನಿನ ಧರ್ಮ ಬೇರೆ. ದನ ಸತ್ತಿತು ಅನ್ನುತ್ತಾರೆ, ನಾಯಿ ಸತ್ತಿತು ಅನ್ನುತ್ತಾರೆ. ಜೇನನ್ನು ಮಾತ್ರ ಮನುಷ್ಯರ ಹಾಗೆ ತೀರಿಕೊಂಡಿತು ಎನ್ನಬೇಕು. ತನ್ನ ಜೇನಿನ ಹಿಂದೆ ಬಂದವನನ್ನು ಯಾವ ಬೇಲಿಯೂ ತಡೆಯುವಂತಿಲ್ಲ. ಒಬ್ಬರ ಜೇನು ಇನ್ನೊಬ್ಬರ ಅಂಗಳದಲ್ಲಿ ತಾನಾಗಿ ಮನೆ ಮಾಡಿದರೆ ಆ ಇಬ್ಬರೂ ಜೇನುಬೀಗರು. ಹೆಣ್ಣು ಕೊಟ್ಟು ತಂದ ಬೀಗರಿಗಿಂತ ಒಂದು ಕೈ ಮೇಲು. ಜೇನುತುಪ್ಪ ಸಮಪಾಲು, ಲೆಕ್ಕ ಕೇಳುವ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಜೇನಿನ ಕಿವಿಗೆ ಜಗಳ ಬೀಳಬಾರದು. ಜಗಳಗಂಟರ ಮನೆಯಲ್ಲಿ ಅದು ಒಂದು ದಿನವೂ ನಿಲ್ಲುವುದಿಲ್ಲ.

ಹೀಗಾಗಿ ರಾಪೊಲಾಸ್ ಮೆಲ್ಲಗೆ, ಮಗುವನ್ನು ಮಲಗಿಸುವ ದನಿಯಲ್ಲಿ ಶುರು ಮಾಡಿದ. "ಸ್ತೆಪೋನಾಸ್, ನಿನ್ನ ಅಂಗಳಕ್ಕೆ ಬಂದಿರೋದು ನಾನಲ್ಲಪ್ಪ, ನನ್ನ ಜೇನು. ತಪ್ಪು ತಿಳ್ಕೋಬೇಡ."

"ಜೇನಿಗೆ ಬುದ್ಧಿ ಇದೆ," ಸ್ತೆಪೋನಾಸನೂ ಅಷ್ಟೇ ಮೆಲ್ಲಗೆ, ಮುಗುಳ್ನಗುತ್ತ ಹೇಳಿದ. "ಒಳ್ಳೇ ಮನೆ ಹುಡುಕ್ಕೊಂಡು ಬಂದಿದೆ."

"ಪಾಪ, ರಾಣಿಗೆ ಕಣ್ಣು ಮಂಜಾಗಿರಬೇಕು. ಹಂದಿಗೂ ಕುದುರೆಗೂ ವ್ಯತ್ಯಾಸ ಗೊತ್ತಿಲ್ಲದ ಮನೆ ಇದು ಅಂತ ತಿಳೀಲಿಲ್ಲ."

"ಅಯ್ಯೋ ಬಂಗಾರ, ನಾನು ನಿನ್ನ ಲಾಯದಲ್ಲಿದ್ದಿದ್ದನ್ನ ನೋಡಿಕೊಂಡೇ ಕೆತ್ತಿದ್ದು. ನೀನು ಅದನ್ನ ಕುದುರೆ ಅಂತಿದ್ದೆ, ನಾನು ನಂಬಿದೆ."

"ಇಬ್ಬರೂ ಬಾಯಿ ಮುಚ್ತೀರಾ?" ಬಾರ್ಬೊರಾ ಪಿಸುಗುಟ್ಟಿದಳು. "ಜೇನು ಕೇಳಿಸ್ಕೊಳ್ತಿದೆ."

"ನಾವೇನು ಜಗಳ ಆಡ್ತಿಲ್ವಲ್ಲ ಬಾರ್ಬೊರಾ," ಇಬ್ಬರೂ ಒಟ್ಟಿಗೇ ಬೆಣ್ಣೆಯಂಥ ದನಿಯಲ್ಲಿ ಹೇಳಿದರು.

ಅಷ್ಟರಲ್ಲಿ ಗಾಡಿಯ ಸದ್ದಾಯಿತು.

ಉರ್ಶುಲೆ ಇನ್ನೂ ಎಳೆಯಳು. ಕಪ್ಪು ತಲೆವಸ್ತ್ರ ಹಣೆಯವರೆಗೆ ಎಳೆದುಕೊಂಡಿದ್ದಳು. ಗಾಡಿಯಲ್ಲಿ ಮಾತೆಯನ್ನು ಮಲಗಿಸಲೆಂದು ಹೊಸ ಹುಲ್ಲು ಹಾಸಿ, ಅದರ ಮೇಲೆ ತನ್ನ ಮದುವೆಯ ನೇಯ್ಗೆ ಹೊದಿಕೆ ಹರಡಿಕೊಂಡು ಬಂದಿದ್ದಳು. ಇಳಿದವಳೇ ಬಾರ್ಬೊರಾಳ ಕೈಗೆ ಮುತ್ತಿಟ್ಟಳು. ಅವಳ ತುಟಿ ಒಣಗಿ ಸುಟ್ಟ ಹಾಗಿತ್ತು. ಗಂಡ ಕುದುರೆಯ ಲಗಾಮು ಹಿಡಿದುಕೊಂಡು, ಮಾತು ಹೆಂಗಸರೇ ಆಡಲಿ ಎಂದು ಆಚೆ ನೋಡುತ್ತ ನಿಂತ.

"ಚಿಕ್ಕಮ್ಮ, ನಿಮ್ಮಲ್ಲಿ ಮಾತೆ ಇದಾಳೆ ಅಂದ್ರು," ಎಂದಳು ಉರ್ಶುಲೆ. ಆಮೇಲೆ ಸೇಬಿನ ಮರದ ಕಡೆ ನೋಡಿದಳು. "ಅವಳೇನಾ?"

ಮಾತು ಬಿಟ್ಟಿದ್ದ ರಾಪೊಲಾಸನಿಗೆ ಈ ಮಾತೆ ಯಾರ ಪಾಲಿನವಳು ಎಂದು ಗೊತ್ತಿರಲಿಲ್ಲ. ಒಳ್ಳೆಯವನಾಗಲು ಅವಕಾಶ ಸಿಕ್ಕಿತೆಂದು ಮುಂದೆ ಬಂದ. "ಅವಳೇ ಕಣಮ್ಮ. ಜೇನು ಈಗಷ್ಟೇ ಒಳಗೆ ಹೋಗಿದೆ, ಇನ್ನೂ ಹುಟ್ಟು ಕಟ್ಟಿಲ್ಲ. ಸ್ವಲ್ಪ ನೀರು ಚಿಮುಕಿಸಿ ಬುಟ್ಟಿಗೆ ಇಳಿಸಿಬಿಡ್ತೀನಿ. ನನ್ನ ಜೇನು ನನಗೆ, ನಿನ್ನ ಮಾತೆ ನಿನಗೆ."

ಸ್ತೆಪೋನಾಸ್ ಟೋಪಿ ತೆಗೆದು ತಿರುವಲು ಶುರು ಮಾಡಿದ. ಎಲ್ಲರೂ ಬಾರ್ಬೊರಾಳನ್ನು ನೋಡಿದರು. ಇಂಥ ಹೊತ್ತಿನಲ್ಲಿ ತೆರೆಯುವುದು ಯಾವತ್ತೂ ಅವಳ ಬಾಯಿಯೇ. "ತಗೊಂಡು ಹೋಗಮ್ಮ" ಎನ್ನುವುದು ಈಗಲೂ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ಉಗುಳಲೂ ಆಗದೆ ನುಂಗಲೂ ಆಗದೆ ಅವಳು ನಿಂತಳು. ರಾಪೊಲಾಸ್ ಪೊರಕೆಗೆ ನೀರು ಚಿಮುಕಿಸಿಕೊಂಡು ಒಂದು ಹೆಜ್ಜೆ ಇಟ್ಟ.

"ಬೇಡ ರಾಪೊಲಾಸ್. ಬುಟ್ಟಿ ಕೆಳಗಿಡು."

"ಏನೂ ತೊಂದ್ರೆ ಇಲ್ಲ ಬಾರ್ಬೊರಾ, ಒಂದು ಗಳಿಗೆ ಅಷ್ಟೆ..."

"ಕೆಳಗಿಡು ಅಂದೆ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಜೇನು ಕೂತ ಮರ ಕದಲಿಸಬಾರದು ಎಂದರೆ ಯಾರೂ ಎದುರಾಡುವಂತಿರಲಿಲ್ಲ. ಉರ್ಶುಲೆಯೂ ತಲೆಯಾಡಿಸಿ ಹೋಗುತ್ತಿದ್ದಳು. ಬಾರ್ಬೊರಾ ಆ ಹುಡುಗಿಯ ಮುಖ ನೋಡಿದಳು, ಜೇನಿನ ಹಿಂದೆ ಅಡಗಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

"ಜೇನು ಇರೋದಕ್ಕೆ ಹೇಳ್ತಿಲ್ಲ ಕಣಮ್ಮ. ಜೇನು ಬರದೇ ಇದ್ದಿದ್ರೂ ಇವತ್ತು ನಾನು ಕೊಡ್ತಿರಲಿಲ್ಲ. ಇವಳು ನನ್ನ ಮಗಳ ಪಾಲಿನವಳು. ನೀನು ಬೈದ್ರೂ ಸರಿ, ಶಾಪ ಹಾಕಿದ್ರೂ ಸರಿ."

ಉರ್ಶುಲೆಯ ಗಂಡ ಲಗಾಮು ಎಳೆದು, "ಜೌಗು ಸುತ್ತಿ ಬಂದಿದೀವಿ," ಎಂದು ಗೊಣಗಿದ. ಉರ್ಶುಲೆ ಅವನ ಕಡೆ ತಿರುಗಲೂ ಇಲ್ಲ.

"ನಿಮಗೆ ಮಗಳಿದ್ಲಾ ಚಿಕ್ಕಮ್ಮ?"

ಆ ಅಂಗಳಕ್ಕೆ ಅಳುತ್ತ ಬಂದವರೆಲ್ಲ ತಂತಮ್ಮ ಮಕ್ಕಳ ಹೆಸರು ಹೇಳಿದ್ದರು. ಬಾರ್ಬೊರಾ ಎಲ್ಲ ಕೇಳಿದ್ದಳು, ಎಲ್ಲರ ಹೆಸರೂ ಅವಳಿಗೆ ನೆನಪಿತ್ತು. ಅವಳನ್ನು ತಿರುಗಿ ಕೇಳಿದವರು ಒಬ್ಬರೂ ಇರಲಿಲ್ಲ.

"ಇದ್ಲು."

"ಹೆಸರೇನು?"

"ಮಾಗ್ದಲೇನಾ ಅಂತ ಪಾದ್ರಿ ಇಟ್ಟಿದ್ದು. ನಾವು ಮಾಗ್ದುತೆ ಅಂತಿದ್ವಿ." ಆ ಹೆಸರು ಹೇಳಿ ಎಷ್ಟು ಕಾಲವಾಗಿತ್ತೋ, ಬಾಯಲ್ಲಿ ಅದರ ಆಕಾರವೇ ಹೊಸದೆನಿಸಿತು.

"ಮಾತಾಡ್ತಿದ್ಲಾ?"

"ಕೋಳಿ ಕರೆಯೋಕೆ ಬರ್ತಿತ್ತು. ಕೋಳಿಗಳು ನನ್ನ ಮಾತು ಕೇಳ್ತಿರಲಿಲ್ಲ, ಅವಳ ಮಾತಿಗೆ ಓಡಿ ಬರ್ತಿದ್ವು."

ಉರ್ಶುಲೆ ತಲೆಯಾಡಿಸಿದಳು. "ನಮ್ಮವನಿಗೆ ಇನ್ನೂ ಮಾತು ಬಂದಿರಲಿಲ್ಲ. ನಗೋಕೆ ಮಾತ್ರ ಬರ್ತಿತ್ತು."

ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತರು. ಬಾರ್ಬೊರಾ ಒಳಗೆ ಹೋಗಿ ಕಪ್ಪು ರೊಟ್ಟಿ, ಹುಳಿಕೆನೆ, ಗಿಣ್ಣು ತಂದಿಟ್ಟಳು. ತಿಂದರೋ ಬಿಟ್ಟರೋ, ಮಾತು ಮಾತ್ರ ನಿಲ್ಲಲಿಲ್ಲ. ನಗುತ್ತಿದ್ದವನು ಯಾವುದಕ್ಕೆ ನಗುತ್ತಿದ್ದ, ಮಾಗ್ದುತೆಯ ಕೂದಲು ಯಾವ ಬಣ್ಣ, ಜ್ವರ ಏರಿದಾಗ ಯಾರು ಏನು ಕಷಾಯ ಕೊಟ್ಟರು, ಯಾರು ಕೊಡಬೇಡಿ ಅಂದರು. ಗಂಡಸರು ಮೂವರೂ ಸೇಬಿನ ಮರದ ಹತ್ತಿರ ಏನು ಮಾಡುವುದೆಂದು ತಿಳಿಯದೆ ನಿಂತರು. ಒಳಗೆ ಹೋಗುವ ಜೇನು ಈಗ ಕಡಿಮೆಯಾಗಿತ್ತು. ಒಂದೆರಡು ಹೊರಗೆ ಬಂದು ಮನೆಯ ಗುರುತು ಹಿಡಿಯುವ ಹಾಗೆ ಸಂದಿನ ಮುಂದೆ ಹಾರಾಡುತ್ತಿದ್ದವು.

ರಾಪೊಲಾಸ್ ಖಾಲಿ ಬುಟ್ಟಿಯನ್ನು ತಲೆಕೆಳಗು ಮಾಡಿ ಅದರ ಮೇಲೆ ಕೂತ. "ಹಂಗಾದ್ರೆ ನಾವಿಬ್ರೂ ಬೀಗರಾದ್ವಿ ಅನ್ನು."

"ನಾನು ಕೇಳ್ಕೊಂಡಿರಲಿಲ್ಲ," ಎಂದ ಸ್ತೆಪೋನಾಸ್.

"ನಾನೇನು ಕೇಳ್ಕೊಂಡಿದ್ನಾ? ನಿನ್ನ ಕೈ ಇನ್ನೂ ಆಡುತ್ತಾ?"

"ನಡುಗುತ್ತೆ."

"ನಡುಗಲಿ ಬಿಡು. ನಡುಗದೇ ಇದ್ದಾಗ ಕೆತ್ತಿದ್ದನ್ನೂ ನೋಡಿದೀನಲ್ಲ." ದನಿ ಏರಿತೆಂದು ತಿಳಿದು ತಗ್ಗಿಸಿದ. "ನನ್ನ ಕೊಟ್ಟಿಗೆಯಲ್ಲಿ ಲೀಪಾ ದಿಮ್ಮಿ ಒಂದಿದೆ. ಜೇನುಗೂಡಿಗೆ ಅಂತ ಒಣಗಿಸಿಟ್ಟಿದ್ದು. ಗೂಡಿಗೆ ಹೋಗಬೇಕಾದ ಜೇನು ನಿನ್ನ ದೇವರೊಳಗೆ ಹೋಯ್ತು. ದೇವರಾಗೋಕೆ ದಿಮ್ಮಿ ನನ್ನ ಹತ್ರ ಬಿದ್ದಿದೆ. ಆ ಹುಡುಗಿಗೆ ಕೆತ್ತಿಕೊಡು."

"ಉಳಿ ಮುಟ್ಟಲ್ಲ ಅಂತ ಹೇಳಿಬಿಟ್ಟಿದೀನಿ."

"ಯಾರಿಗೆ?"

"ಹೆಂಡತಿಗೆ."

"ಹೆಂಡತಿಗೆ ಹೇಳಿದ್ದೆಲ್ಲ ನಡೆಸಿದ ಗಂಡಸು ಈ ಸೀಮೆಯಲ್ಲಿ ಯಾರಿದಾನೆ ಬೀಗರೇ?"

ಉರ್ಶುಲೆಯ ಗಂಡ ಅವತ್ತು ಮೊದಲ ಸಲ ನಕ್ಕ.

ಆ ದಿಮ್ಮಿಯನ್ನು ಅದೇ ಗಾಡಿಯಲ್ಲಿ ತಂದರು. ಬೇಸಿಗೆ ಕಳೆದು ಹಿಮ ಬೀಳುವವರೆಗೂ ಸ್ತೆಪೋನಾಸ್ ಕೆತ್ತಿದ. ಅವನ ಕೈ ಸಾಲದ ಕಡೆ ರಾಪೊಲಾಸ್ ಕೊಡಲಿ ಹಿಡಿದು ಒರಟು ಕೆಲಸ ಮಾಡಿದ. ಮೊಣಕಾಲು ಹೀಗಿರುತ್ತಾ, ಭುಜ ಹಾಗಿರುತ್ತಾ ಎಂದು ದಿನವೆಲ್ಲ ಬೆಣ್ಣೆದನಿಯ ಕಿತ್ತಾಟ. ನಡುಗುವ ಉಳಿ ಮಾತೆಯ ಕೆನ್ನೆಯ ಮೇಲೆ ಸಣ್ಣ ಸಣ್ಣ ಗೀರು ಉಳಿಸಿತ್ತು. ಬಾರ್ಬೊರಾ ಮುಖಕ್ಕೆ ಬಣ್ಣ ಕೊಡುವಾಗ ಅವನ್ನು ತುಂಬಲಿಲ್ಲ, ಹಾಗೇ ಬಿಟ್ಟಳು. ಮೇಲುಹೊದಿಕೆಗೆ ಗಡಿಗೆಯಲ್ಲಿದ್ದ ನೀಲಿಯನ್ನೇ ಬಳಿದಳು. ತನ್ನ ಮಾತೆಯ ಹತ್ತಿರ ಕುಂಚ ಹಿಡಿದು ಹೋಗುವ ಹಾಗೆ ಇರಲಿಲ್ಲ. ಎಣ್ಣೆಯ ವಾಸನೆ ಜೇನಿಗೆ ಆಗದು.

"ಲೋಕದ ದೇವರಿಗೆಲ್ಲ ಬಟ್ಟೆ ಉಡಿಸಿದಳು, ತನ್ನವಳನ್ನ ಬರಿಮೈಲಿ ನಿಲ್ಲಿಸಿದಾಳೆ," ಎಂದು ಊರು ಮತ್ತೆ ಆಡಿಕೊಂಡಿತು. ಬಾರ್ಬೊರಾ ಒಂದು ಬೇಸಿಗೆಯ ಜೇನುತುಪ್ಪ ಮನೆಮನೆಗೆ ಹಂಚಿದಳು. ಆಡಿಕೊಳ್ಳುವ ಬಾಯಿ ಸಿಹಿಯಾಯಿತು, ನಿಲ್ಲಲಂತೂ ಇಲ್ಲ.

ಆ ಸೀಮೆಯಲ್ಲಿ ಮೇ ತಿಂಗಳಲ್ಲಿ ಸಂಜೆ ಹೊತ್ತು ಮಾತೆ ಇರುವ ಅಂಗಳದಲ್ಲಿ ಊರವರು ಸೇರಿ ಕೀರ್ತನೆ ಹೇಳುತ್ತಾರೆ. ಅದೆಷ್ಟು ಮೇ ತಿಂಗಳು ಬಾರ್ಬೊರಾ ಪರರ ಅಂಗಳಕ್ಕೆ ಹೋಗಿ ಹಾಡಿದ್ದಳೋ. ಈ ಸಲ ಊರೇ ಅವಳ ಅಂಗಳಕ್ಕೆ ಬಂತು. ಗಂಡಸರು ಟೋಪಿ ತೆಗೆದು ಬಾವಿಯ ಆಚೆ ನಿಂತರು, ಹೆಂಗಸರು ಕೊಟ್ಟಿಗೆಯ ಗೋಡೆಗೆ ಒರಗಿದರು. ಸೇಬಿನ ಮರದ ಹತ್ತಿರ ಯಾರೂ ಸುಳಿಯಲಿಲ್ಲ. ಗೂಡು ಸೇರುವ ಹೊತ್ತಿನ ಜೇನಿಗೆ ಸಿಟ್ಟು ಬರಬಾರದೆಂದು ರಾಪೊಲಾಸ್ ಎಲ್ಲರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಹಾಗಾಗಿ ಊರು ಕೀರ್ತನೆಯನ್ನು ಅಷ್ಟು ಮೆಲ್ಲಗೆ ಹೇಳಿದ್ದು ಅದೇ ಮೊದಲು. ಜೌಗಿನ ಆಚೆಯಿಂದ ಉರ್ಶುಲೆಯೂ ಬಂದಿದ್ದಳು, ಹೊಟ್ಟೆ ಮುಂದೆ ಬಂದಿತ್ತು.

ಕೀರ್ತನೆ ಮುಗಿದ ಮೇಲೆ ತೀರಿಕೊಂಡವರಿಗಾಗಿ ಪ್ರಾರ್ಥನೆ. ಅಂಗಳದ ಯಜಮಾನಿ ಹೆಸರು ಹೇಳಬೇಕು, ಉಳಿದವರು ದನಿಗೂಡಿಸಬೇಕು. ಬಾರ್ಬೊರಾ ತಲೆವಸ್ತ್ರದ ತುದಿ ಹಿಡಿದು ಮುಂದೆ ಬಂದಳು. ಅತ್ತೆ ಮಾವನ ಹೆಸರು ಹೇಳಿದಳು, ಅಪ್ಪ ಅಮ್ಮನ ಹೆಸರು ಹೇಳಿದಳು. ಆಮೇಲೆ ಸೇಬಿನ ಮರದ ಕಡೆ ತಿರುಗಿದಳು.

"ಮಾಗ್ದುತೆ," ಎಂದಳು.

"ಮಾಗ್ದುತೆಗೆ ನಿತ್ಯ ಶಾಂತಿ ಕೊಡು ಸ್ವಾಮಿ," ಎಂದಿತು ಊರು.